ಗೋಲಿಯಾತ್ ಬಾರ್ಬೇರಿಯನ್‌ಗೆ ಸ್ಟೋನ್ ವಂಶವೇ ಬೇಕಾ? ಆರರಲ್ಲಿ ಒಂದು ಆರಿಸೋಕೆ ಸಹಾಯ ಮಾಡಿ

ಗದೆಹಿಡಿದವ
ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಉರುಳಿಸಿ ಪಾತ್ರ ಆಡೋ ಆಟ), 2024ರ ನಿಯಮ, ಮೂರನೇ ಲೆವೆಲ್‌ನಿಂದ ಶುರು. ಪಾರ್ಟಿಯಲ್ಲಿ ಬಿಲ್ಲಿನ ರೇಂಜರ್, ಹತ್ತಿರ ಹೋಗಿ ಚುಚ್ಚೋ ರೋಗ್, ಒಬ್ಬ ವಿಜರ್ಡ್ ಇದ್ದಾರೆ. ಮುಂದೆ ನಿಂತು ಏಟು ತಿನ್ನೋರು ಯಾರೂ ಇಲ್ಲ, ಆ ಕೆಲಸ ನನ್ನ ಪಾಲಿಗೆ ಬಂತು. ಗೋಲಿಯಾತ್ (ದೈತ್ಯರ ವಂಶದ ಜನಾಂಗ) ಬಾರ್ಬೇರಿಯನ್ (ರೊಚ್ಚಿಗೆದ್ದು ಹೊಡೆದಾಡೋ ಕ್ಲಾಸ್) ಅನ್ನೋದು ಖಾತ್ರಿ. ಸಿಕ್ಕಿಹಾಕ್ಕೊಂಡಿರೋದು ಯಾವ ದೈತ್ಯರ ವಂಶ ಅನ್ನೋದ್ರಲ್ಲಿ. ಕ್ಲೌಡ್, ಫೈರ್, ಫ್ರಾಸ್ಟ್, ಹಿಲ್, ಸ್ಟೋನ್, ಸ್ಟಾರ್ಮ್ ಅಂತ ಆರಿವೆ. ಹುಡುಕಿದ ಕಡೆಯೆಲ್ಲ "ಬಾರ್ಬೇರಿಯನ್ ಅಂದ್ರೆ ಸ್ಟೋನ್, ಕಣ್ಣು ಮುಚ್ಕೊಂಡು ತಗೋ" ಅಂತಿದೆ. ಕಣ್ಣು ಬಿಟ್ಕೊಂಡೇ ತಗೊಳ್ಳೋಣ ಅಂತ ಇಲ್ಲಿ ಕೇಳ್ತಿದ್ದೀನಿ.

ಪಾಯಿಂಟ್ ಬೈ ಮಾಡಿ ಸ್ಟ್ರೆಂತ್ 17, ಕಾನ್‌ಸ್ಟಿಟ್ಯೂಷನ್ 16 ಇಟ್ಟಿದ್ದೀನಿ. ಬ್ಯಾಕ್‌ಗ್ರೌಂಡ್ ಫಾರ್ಮರ್. ಆಯುಧ ಗ್ರೇಟ್‌ಆಕ್ಸ್, ಅದು ಬದಲಾದ್ರೂ ಬೇಜಾರಿಲ್ಲ.

ಇಪ್ಪತ್ತುಮುಖ
ಸ್ಟೋನ್. ಮುಂದಿನ ಪ್ರಶ್ನೆ?

ಲೆಕ್ಕದಪುಸ್ತಕ
ಅಷ್ಟು ಬೇಗ ಮುಗಿಸಬೇಡಿ ಮಾರಾಯ್ರೆ. ಸ್ಟೋನ್ಸ್ ಎಂಡ್ಯುರೆನ್ಸ್ ಏನು ಮಾಡುತ್ತೆ? ಡ್ಯಾಮೇಜ್ ಬಿದ್ದಾಗ ರಿಯಾಕ್ಷನ್ (ಬೇರೆಯವರ ಸರದಿಯಲ್ಲೂ ಮಾಡಬಹುದಾದ ಒಂದು ಪ್ರತಿಕ್ರಿಯೆ) ಖರ್ಚು ಮಾಡಿ ಒಂದು ಡಿ12 (ಹನ್ನೆರಡು ಮುಖದ ದಾಳ) ಉರುಳಿಸಿ, ಕಾನ್‌ಸ್ಟಿಟ್ಯೂಷನ್ ಮಾಡಿಫೈಯರ್ ಕೂಡಿಸಿ, ಅಷ್ಟನ್ನು ಡ್ಯಾಮೇಜಿನಿಂದ ಕಳೀತೀರಿ. ಸರಾಸರಿ 6.5 ಕೂಡಿಸು 3, ಅಂದ್ರೆ 9.5. ಕಾಗದದ ಮೇಲೆ ಚೆಂದ.

ಆದ್ರೆ ಬಾರ್ಬೇರಿಯನ್ ರೇಜ್‌ನಲ್ಲಿ (ರೊಚ್ಚಿನಲ್ಲಿ) ಇದ್ದಾಗ ಕತ್ತಿ, ಬಾಣ, ಗದೆ ಎಲ್ಲದರ ಏಟೂ ಅರ್ಧ ಆಗುತ್ತಲ್ವಾ. ನಿಯಮದ ಪ್ರಕಾರ ಕೂಡೋದು ಕಳೆಯೋದು ಮೊದಲು, ರೆಸಿಸ್ಟೆನ್ಸ್ (ಈ ಅರ್ಧ ಮಾಡೋದು) ಆಮೇಲೆ. ಓಗರ್ 22 ಬಾರಿಸಿದ ಅನ್ನಿ. ಸ್ಟೋನ್ ಇಲ್ಲದೆ 22ರ ಅರ್ಧ, 11 ತಿಂತೀರಿ. ಸ್ಟೋನ್ ಹಾಕಿ 10 ಬಂತು ಅಂದ್ರೆ 22ರಲ್ಲಿ 10 ಹೋಗಿ 12, ಅದರ ಅರ್ಧ 6. ಹತ್ತು ಉರುಳಿಸಿ ಉಳಿಸಿದ್ದು ಐದೇ ಐದು. ಇದೇ ಸಾಮರ್ಥ್ಯ ಫೈಟರ್ ಕೈಲಿದ್ರೆ ಹತ್ತಕ್ಕೆ ಹತ್ತೂ ಉಳಿಯುತ್ತೆ.

ಬಾರ್ಬೇರಿಯನ್‌ಗೆ ಸ್ಟೋನ್ ಅರ್ಧ ಬೆಲೆಗೆ ಮಾರಿದ ಹಾಗೆ. ಎಲ್ಲರೂ ಅವನಿಗೇ ಯಾಕೆ ಕೊಡ್ತಾರೋ ನಂಗೊತ್ತಿಲ್ಲ.

ಇಪ್ಪತ್ತುಮುಖ
"ಡ್ಯಾಮೇಜ್ ತಗೊಂಡಾಗ" ಅಂತ ಇದೆ ಗುರು. ತಗೊಂಡಾಗ ಅಂದ್ರೆ ಅರ್ಧ ಆಗಿ ಮೈಗೆ ಬಿದ್ದ ಮೇಲೆ. 11 ಬೀಳುತ್ತೆ, 10 ಕಳೀತೀನಿ, 1 ಉಳಿಯುತ್ತೆ. ಸ್ಟೋನ್ ರಾಜ.

ಲೆಕ್ಕದಪುಸ್ತಕ
ಹಾಗೆ ಓದೋ ಟೇಬಲ್‌ಗಳೂ ಇವೆ, ಇಲ್ಲ ಅನ್ನಲ್ಲ. ಆದ್ರೆ ಪುಸ್ತಕದ ಡ್ಯಾಮೇಜ್ ಭಾಗದಲ್ಲಿ ಕ್ರಮ ಬರೆದಿದ್ದಾರೆ: ಬೋನಸ್, ಪೆನಾಲ್ಟಿ, ಗುಣಾಕಾರ ಮೊದಲು, ರೆಸಿಸ್ಟೆನ್ಸ್ ಎರಡನೇದು, ವಲ್ನರಬಿಲಿಟಿ ಕೊನೇದು. 2014ರ ಪುಸ್ತಕದಲ್ಲೂ ರೆಸಿಸ್ಟೆನ್ಸ್ ಉಳಿದೆಲ್ಲ ಮಾರ್ಪಾಡು ಆದ್ಮೇಲೇ ಇತ್ತು. ನಿಮ್ಮ ಡಿಎಂ (ಆಟ ನಡೆಸೋರು) ಉದಾರಿ ಆದ್ರೆ ಸರಿ, ಮೊದಲ ದಿನವೇ ಕೇಳಿ ಬರೆದಿಟ್ಕೊಳ್ಳಿ. ಹೊಡೆದಾಟದ ಮಧ್ಯೆ ಕೇಳಿದ್ರೆ ಉತ್ತರ ಯಾವತ್ತೂ ನಿಮ್ಮ ಕಡೆ ಬರಲ್ಲ.

ಚೀಲದಲ್ಲಿಹತ್ತುದಾಳ
+1. ವೈಲ್ಡ್ ಹಾರ್ಟ್ ಬಾರ್ಬೇರಿಯನ್ ಕರಡಿ ಆರಿಸಿದ್ರೆ ಇನ್ನೂ ಕೆಟ್ಟದು. ಫೋರ್ಸ್, ನೆಕ್ರಾಟಿಕ್, ಸೈಕಿಕ್, ರೇಡಿಯಂಟ್ ಬಿಟ್ಟು ಎಲ್ಲಾ ಡ್ಯಾಮೇಜೂ ಅರ್ಧ. ಸ್ಟೋನ್ ಪೂರ್ತಿ ಕೆಲಸ ಮಾಡೋ ಜಾಗವೇ ಕಡಿಮೆ ಆಗೋಗುತ್ತೆ.

ಅಡ್ಡಗೋಡೆ
ಸ್ಟೋನ್ ಪರವಾಗಿ ಒಂದು ಮಾತು. ರೇಜ್ ಹಾಕೋ ಮೊದಲೇ ಬಿದ್ದ ಏಟು, ಟ್ರ್ಯಾಪ್, ಗುಂಡಿ, ಡ್ರ್ಯಾಗನ್ ಉಸಿರು, ಮೈಂಡ್ ಫ್ಲೇಯರ್‌ನ ಸೈಕಿಕ್ ಇಲ್ಲೆಲ್ಲ ಅದು ಪೂರ್ತಿ ಕಳೆಯುತ್ತೆ. ಬಾರ್ಬೇರಿಯನ್ ಸಾಯೋದು ಸಾಮಾನ್ಯವಾಗಿ ಕತ್ತಿಗಲ್ಲ, ಇಂಥವುಗಳಿಗೆ. ಹಾಗಾಗಿ ಕಸ ಅಂತ ಎಸೀಬೇಡಿ. ಆದ್ರೆ "ಕಣ್ಣು ಮುಚ್ಕೊಂಡು" ಅನ್ನೋದು ತಪ್ಪು.

ನಕ್ಷೆಗಾರ
ವಂಶ ಆರಿಸೋಕೆ ಸುಲಭದ ದಾರಿ ಇದು. ಮೊದಲು ನಿಮ್ಮ ಕ್ಲಾಸ್‌ನಲ್ಲಿ ಏನು ಖಾಲಿ ಕೂತಿರುತ್ತೆ ನೋಡಿ. ಆರು ವಂಶಗಳೂ ಮೂರು ಗುಂಪು.

ಬೋನಸ್ ಆಕ್ಷನ್ (ಸರದಿಗೆ ಒಂದು ಹೆಚ್ಚುವರಿ ಕ್ರಿಯೆ) ತಿನ್ನೋದು ಕ್ಲೌಡ್ ಒಂದೇ. ಕಾಣೋ ಖಾಲಿ ಜಾಗಕ್ಕೆ 30 ಅಡಿ ಟೆಲಿಪೋರ್ಟ್. ರಿಯಾಕ್ಷನ್ ತಿನ್ನೋದು ಎರಡು. ಸ್ಟೋನ್ ಮೇಲೆ ಹೇಳಿಯಾಯ್ತು. ಸ್ಟಾರ್ಮ್ ಅಂದ್ರೆ 60 ಅಡಿ ಒಳಗಿರೋ ಜೀವಿ ನಿಮಗೆ ಡ್ಯಾಮೇಜ್ ಮಾಡಿದ್ರೆ ಅದಕ್ಕೆ 1ಡಿ8 ಥಂಡರ್ ವಾಪಸ್, ಅಟ್ಯಾಕ್ ರೋಲೂ ಇಲ್ಲ ಸೇವೂ (ಶತ್ರು ತಪ್ಪಿಸ್ಕೊಳ್ಳೋಕೆ ಉರುಳಿಸೋ ದಾಳ) ಇಲ್ಲ. ಏನನ್ನೂ ತಿನ್ನದೆ ಹೊಡೆತದ ಜೊತೆಗೇ ಹೋಗೋದು ಮೂರು. ಫೈರ್ 1ಡಿ10 ಬೆಂಕಿ. ಫ್ರಾಸ್ಟ್ 1ಡಿ6 ಚಳಿ ಜೊತೆಗೆ ನಿಮ್ಮ ಮುಂದಿನ ಸರದಿ ತನಕ ಶತ್ರುವಿನ ವೇಗ 10 ಅಡಿ ಕಡಿಮೆ. ಹಿಲ್ ಅಂದ್ರೆ ಲಾರ್ಜ್ ಅಥವಾ ಅದಕ್ಕಿಂತ ಸಣ್ಣ ಜೀವಿ ನೇರ ನೆಲಕ್ಕೆ, ಪ್ರೋನ್, ಸೇವ್ ಇಲ್ಲ.

ಎಲ್ಲವೂ ದಿನಕ್ಕೆ ಪ್ರೊಫಿಶಿಯೆನ್ಸಿ ಬೋನಸ್‌ನಷ್ಟು ಸಲ. ನಾಲ್ಕನೇ ಲೆವೆಲ್ ತನಕ 2, ಐದರಿಂದ 3, ಒಂಬತ್ತರಿಂದ 4, ಹದಿಮೂರರಿಂದ 5, ಹದಿನೇಳರಿಂದ 6. ಲಾಂಗ್ ರೆಸ್ಟ್‌ಗೆ (ದೀರ್ಘ ವಿಶ್ರಾಂತಿ) ಮಾತ್ರ ತುಂಬುತ್ತೆ, ಶಾರ್ಟ್ ರೆಸ್ಟ್‌ಗೆ ಇಲ್ಲ.

ಬಾರ್ಬೇರಿಯನ್‌ಗೆ ಮೊದಲ ರೌಂಡ್‌ನಲ್ಲಿ ಬೋನಸ್ ಆಕ್ಷನ್ ರೇಜ್‌ಗೆ ಹೋಗುತ್ತೆ, ಆಮೇಲೆ ಬಹುಮಟ್ಟಿಗೆ ಖಾಲಿ. ರಿಯಾಕ್ಷನ್ ಅಂತೂ ಆಪರ್ಚುನಿಟಿ ಅಟ್ಯಾಕ್ (ದೂರ ಸರಿಯೋ ಶತ್ರುವಿಗೆ ಕೊಡೋ ಏಟು) ಬಿಟ್ರೆ ಖಾಲಿ. ಅಂದ್ರೆ ನಿಮಗೆ ಮೂರೂ ಗುಂಪು ತೆರೆದಿದೆ, ಅದಕ್ಕೇ ಇಷ್ಟು ಗೊಂದಲ. ಮಾಂಕ್ ಆಗಿದ್ರೆ ಫ್ಲರಿ ಬೋನಸ್ ಆಕ್ಷನ್ ತಿನ್ನುತ್ತೆ, ಮೂರನೇ ಲೆವೆಲ್‌ನಿಂದ ಡಿಫ್ಲೆಕ್ಟ್ ಅಟ್ಯಾಕ್ಸ್ ರಿಯಾಕ್ಷನ್ ತಿನ್ನುತ್ತೆ, ಫೈರ್-ಫ್ರಾಸ್ಟ್-ಹಿಲ್ ಬಿಟ್ಟು ಬೇರೆ ಯೋಚನೆಯೇ ಬೇಡ.

ಗದೆಹಿಡಿದವ
ಇದು ಚೆನ್ನಾಗಿದೆ, ಥ್ಯಾಂಕ್ಸ್. ಹಾಗಾದ್ರೆ ಹಿಲ್ ತಗೊಂಡು ಬೀಳಿಸಿ ಅಡ್ವಾಂಟೇಜ್‌ನಲ್ಲಿ (ಎರಡು ಡಿ20 ಉರುಳಿಸಿ ದೊಡ್ಡದನ್ನ ತಗೊಳ್ಳೋದು) ಹೊಡೀತಾ ಇರೋದು?

ಲೆಕ್ಕದಪುಸ್ತಕ
ನಿಮಗೆ ಅಡ್ವಾಂಟೇಜ್ ಆಗಲೇ ಇದೆಯಲ್ಲ. ಎರಡನೇ ಲೆವೆಲ್‌ನಿಂದ ರೆಕ್‌ಲೆಸ್ ಅಟ್ಯಾಕ್. ಎರಡು ಅಡ್ವಾಂಟೇಜ್ ಸೇರಿ ಮೂರು ಡಿ20 ಆಗಲ್ಲ. ಹಿಲ್‌ನ ಲಾಭ ನಿಮಗಲ್ಲ, ಪಕ್ಕದವರಿಗೆ.

ಬಾಣಬತ್ತಳಿಕೆ
ಪಕ್ಕದವರಿಗೆ ಲಾಭ, ದೂರದವರಿಗೆ ನಷ್ಟ! ಪ್ರೋನ್ ಆದವನ ಮೇಲೆ 5 ಅಡಿ ಒಳಗಿಂದ ಹೊಡೆದ್ರೆ ಅಡ್ವಾಂಟೇಜ್, ಅದಕ್ಕಿಂತ ದೂರದಿಂದ ಡಿಸಡ್ವಾಂಟೇಜ್ (ಎರಡರಲ್ಲಿ ಸಣ್ಣದು). ನಿಮ್ಮ ರೇಂಜರ್ ಬಿಲ್ಲಿನವರು ಅಂದ್ರಿ. ನೀವು ಬೀಳಿಸಿದ್ದನ್ನೆಲ್ಲ ಅವರು ಡಿಸಡ್ವಾಂಟೇಜ್‌ನಲ್ಲಿ ಹೊಡೀಬೇಕು. ವಿಜರ್ಡ್ ಫೈರ್ ಬೋಲ್ಟ್ ಎಸೆದ್ರೂ ಅದೇ ಕಥೆ. ಮೂರು ಜನ ಸಂಗಡಿಗರಲ್ಲಿ ಇಬ್ಬರಿಗೆ ಕಿರಿಕಿರಿ.

ಕತ್ತಲೆಯಲ್ಲಿರೋಗ್
ರೋಗ್‌ಗೂ ಅಂಥ ದೊಡ್ಡ ಲಾಭ ಏನಲ್ಲ. ಸ್ನೀಕ್ ಅಟ್ಯಾಕ್‌ಗೆ (ರೋಗ್‌ನ ಹೆಚ್ಚುವರಿ ಡ್ಯಾಮೇಜ್) ಅವನ ಗೆಳೆಯ ಶತ್ರುವಿನ 5 ಅಡಿ ಒಳಗೆ ನಿಂತಿದ್ರೆ ಸಾಕು, ಬಾರ್ಬೇರಿಯನ್ ಅಲ್ಲೇ ಇರ್ತಾನೆ. ಹಿಲ್‌ನಿಂದ ತಾಗೋ ಸಾಧ್ಯತೆ ಮಾತ್ರ ಏರುತ್ತೆ.

ನಕ್ಷೆಗಾರ
ಅದಕ್ಕೇ ಸರದಿ ನೋಡಿ ಬಳಸಬೇಕು. ಬಿದ್ದವನು ತನ್ನ ಸರದಿ ಬಂದ ಕೂಡಲೇ ಅರ್ಧ ವೇಗ ಕೊಟ್ಟು ಎದ್ದುಬಿಡ್ತಾನೆ. ನಿಮ್ಮ ಸರದಿಗೂ ಅವನ ಸರದಿಗೂ ನಡುವೆ ರೋಗ್ ಇದ್ರೆ ಬೀಳಿಸಿ. ನಡುವೆ ರೇಂಜರ್ ಇದ್ರೆ ಬಿಡಿ. ಹಿಲ್ ಬಳಸೋದು ಹೊಡೆತ ತಾಗಿದ ಮೇಲೆ ನಿಮ್ಮಿಷ್ಟ, ಮೊದಲೇ ಹೇಳಬೇಕಿಲ್ಲ, ತಪ್ಪಿದ ಹೊಡೆತಕ್ಕೆ ವ್ಯರ್ಥ ಆಗಲ್ಲ. ಫೈರ್, ಫ್ರಾಸ್ಟ್‌ಗೂ ಇದೇ ಅನುಕೂಲ.

ಚೀಲದಲ್ಲಿಹತ್ತುದಾಳ
ಹಿಲ್‌ನ ನಿಜವಾದ ಬೆಲೆ ಯಾರೂ ಹೇಳಲಿಲ್ವಲ್ಲ. ಹಾರೋ ಶತ್ರು!!

ನಿಯಮದಲ್ಲಿ ಇರೋದು "ಅಟ್ಯಾಕ್ ರೋಲ್‌ನಿಂದ ತಾಗಿ ಡ್ಯಾಮೇಜ್ ಆದಾಗ", ಕೈಯಳತೆಯ ಆಯುಧವೇ ಆಗಬೇಕು ಅಂತ ಇಲ್ಲ. ಜಾವೆಲಿನ್ ಎಸೆದ್ರೂ ನಡೆಯುತ್ತೆ, ಅದು ಸ್ಟ್ರೆಂತ್ ಆಯುಧ, 30 ಅಡಿ ತನಕ ಮಾಮೂಲು, 120 ತನಕ ಡಿಸಡ್ವಾಂಟೇಜ್. ಹಾರ್ತಾ ಇರೋ ಜೀವಿ ಪ್ರೋನ್ ಆದ್ರೆ ಬೀಳುತ್ತೆ, ಹೋವರ್ ಸಾಮರ್ಥ್ಯ ಇದ್ರೆ ಮಾತ್ರ ಇಲ್ಲ. 30 ಅಡಿ ಮೇಲಿದ್ದ ವೈವರ್ನ್‌ಗೆ ಜಾವೆಲಿನ್ ತಾಗಿಸಿ ಹಿಲ್ ಹಾಕಿ: ಜಾವೆಲಿನ್ ಡ್ಯಾಮೇಜ್, ಮೇಲಿಂದ ಬಿದ್ದಿದ್ದಕ್ಕೆ 3ಡಿ6, ಬಿದ್ದಲ್ಲೇ ಅಂಗಾತ. ಬಾರ್ಬೇರಿಯನ್‌ಗಳ ದೊಡ್ಡ ಕೊರತೆಯೇ ಆಕಾಶದಲ್ಲಿರೋದನ್ನ ನೋಡ್ತಾ ನಿಲ್ಲೋದು. ಅದಕ್ಕೆ ಇದಕ್ಕಿಂತ ಅಗ್ಗದ ಮದ್ದು ಇಲ್ಲ.

ಗ್ರಿಫನ್, ವೈವರ್ನ್, ಯಂಗ್ ರೆಡ್ ಡ್ರ್ಯಾಗನ್ ಎಲ್ಲ ಲಾರ್ಜ್, ಬೀಳ್ತಾವೆ. ಅಡಲ್ಟ್ ಡ್ರ್ಯಾಗನ್ ಹ್ಯೂಜ್ (ಲಾರ್ಜ್‌ಗಿಂತ ಒಂದು ಅಳತೆ ದೊಡ್ಡದು), ಬೀಳಲ್ಲ. ಬಿಹೋಲ್ಡರ್ ಲಾರ್ಜೇ, ಆದ್ರೆ ತೇಲ್ತಾ ಇರುತ್ತೆ, ಪ್ರೋನ್ ಆದ್ರೂ ಕೆಳಗೆ ಬರಲ್ಲ.

ಇಪ್ಪತ್ತುಮುಖ
ಅಡಲ್ಟ್ ಡ್ರ್ಯಾಗನ್‌ಗೆ ಐದನೇ ಲೆವೆಲ್‌ನ ಲಾರ್ಜ್ ಫಾರ್ಮ್ ಹಾಕಿ. ನೀವೇ ಲಾರ್ಜ್ ಆದ್ರೆ ಹ್ಯೂಜ್‌ನೂ ಬೀಳಿಸಬಹುದು.

ಲೆಕ್ಕದಪುಸ್ತಕ
ತಪ್ಪು. ಹಿಲ್‌ನ ಮಿತಿ ಶತ್ರುವಿನ ಅಳತೆಗೆ, "ಲಾರ್ಜ್ ಅಥವಾ ಸಣ್ಣದು". ನಿಮ್ಮ ಅಳತೆಗೂ ಅದಕ್ಕೂ ಸಂಬಂಧ ಇಲ್ಲ. ನೀವು ಮನೆಯಷ್ಟು ಬೆಳೆದ್ರೂ ಹ್ಯೂಜ್ ಬೀಳಲ್ಲ. ನೀವು ಹೇಳ್ತಿರೋದು ಗ್ರಾಪಲ್ ನಿಯಮ, ಅಲ್ಲಿ ನಿಮಗಿಂತ ಒಂದು ಅಳತೆ ದೊಡ್ಡದರ ತನಕ ಹಿಡೀಬಹುದು.

ಹ್ಯೂಜ್ ಬೀಳಿಸಬೇಕಾದ್ರೆ ಟಾಪಲ್ ಮಾಸ್ಟರಿ (ಕೆಲವು ಆಯುಧಗಳಿಗಿರೋ ಬೀಳಿಸೋ ವಿದ್ಯೆ) ಇದೆ: ಮಾಲ್, ಬ್ಯಾಟಲ್‌ಆಕ್ಸ್, ಟ್ರೈಡೆಂಟ್, ಕ್ವಾರ್ಟರ್‌ಸ್ಟಾಫ್, ಲ್ಯಾನ್ಸ್. ಅದಕ್ಕೆ ಅಳತೆಯ ಮಿತಿ ಇಲ್ಲ, ಆದ್ರೆ ಶತ್ರುವಿಗೆ ಕಾನ್‌ಸ್ಟಿಟ್ಯೂಷನ್ ಸೇವ್ ಸಿಗುತ್ತೆ, ದೊಡ್ಡ ಪ್ರಾಣಿಗಳು ಅದರಲ್ಲಿ ಗಟ್ಟಿ. ಮಾಲ್ ಹಿಡಿದು ಹಿಲ್ ತಗೋಬೇಡಿ, ಒಂದೇ ಕೆಲಸಕ್ಕೆ ಎರಡು ಆಳು. ಗ್ರೇಟ್‌ಆಕ್ಸ್‌ನ ಕ್ಲೀವ್ (ಪಕ್ಕದವನಿಗೂ ಹೊಡೆಯೋ ಮಾಸ್ಟರಿ) ಜೊತೆ ಹಿಲ್ ಪರವಾಗಿಲ್ಲ.

ಹಳೆದಾಳ
ಲಾರ್ಜ್ ಫಾರ್ಮ್ ಬಗ್ಗೆ ಇರೋ ಭ್ರಮೆಗಳನ್ನೆಲ್ಲ ಒಂದೇ ಸಲ ಕೆಡವಿಬಿಡೋಣ.

ಐದನೇ ಲೆವೆಲ್‌ನಿಂದ, ಬೋನಸ್ ಆಕ್ಷನ್, 10 ನಿಮಿಷ, ಲಾಂಗ್ ರೆಸ್ಟ್‌ಗೆ ಒಂದೇ ಸಲ. ಸಿಗೋದು: ಲಾರ್ಜ್ ಅಳತೆ, ಸ್ಟ್ರೆಂತ್ ಚೆಕ್‌ಗೆ ಅಡ್ವಾಂಟೇಜ್, ವೇಗ 10 ಅಡಿ ಹೆಚ್ಚು, ಅಂದ್ರೆ 35 ಇದ್ದದ್ದು 45. ಸಿಗದಿರೋದು: ಹೆಚ್ಚಿನ ಡ್ಯಾಮೇಜ್ ಇಲ್ಲ, ಉದ್ದದ ಕೈ ಇಲ್ಲ. ಎನ್‌ಲಾರ್ಜ್ ಸ್ಪೆಲ್‌ನಲ್ಲಿ ಪ್ರತಿ ಹೊಡೆತಕ್ಕೆ 1ಡಿ4 ಇದೆ, ಇಲ್ಲಿಲ್ಲ.

ಬಾರ್ಬೇರಿಯನ್‌ಗೆ ಸ್ಟ್ರೆಂತ್ ಚೆಕ್ ಅಡ್ವಾಂಟೇಜೂ ರೇಜ್‌ನಲ್ಲೇ ಬಂದಿರುತ್ತೆ. ಅದಕ್ಕಿಂತ ಮುಖ್ಯ ವಿಷಯ, 2024ರಲ್ಲಿ ಗ್ರಾಪಲ್ ಮತ್ತು ತಳ್ಳೋದು ಚೆಕ್ ಅಲ್ಲವೇ ಅಲ್ಲ. ಎದುರಾಳಿ ಸ್ಟ್ರೆಂತ್ ಅಥವಾ ಡೆಕ್ಸ್ ಸೇವ್ ಮಾಡ್ತಾನೆ, ನಿಮ್ಮ ಡಿಸಿ (ಅವನ ಸೇವ್ ಮುಟ್ಟಬೇಕಾದ ಅಂಕಿ) 8 ಕೂಡಿಸು ಸ್ಟ್ರೆಂತ್ ಮಾಡಿಫೈಯರ್ ಕೂಡಿಸು ಪ್ರೊಫಿಶಿಯೆನ್ಸಿ ಬೋನಸ್. ನಿಮ್ಮ ಅಡ್ವಾಂಟೇಜ್ ಅಲ್ಲಿ ಎಲ್ಲೂ ಅನ್ವಯ ಆಗಲ್ಲ. 2014ರ ವಿಡಿಯೋ ನೋಡಿ ಬಂದವರು ಇಲ್ಲೇ ಎಡವೋದು. ಪವರ್‌ಫುಲ್ ಬಿಲ್ಡ್ ಕೂಡ ನೀವು ಹಿಡಿಯೋಕಲ್ಲ, ನಿಮ್ಮನ್ನ ಹಿಡಿದವರಿಂದ ತಪ್ಪಿಸ್ಕೊಳ್ಳೋ ಚೆಕ್‌ಗೆ ಅಡ್ವಾಂಟೇಜ್.

ಬಾರ್ಬೇರಿಯನ್‌ಗೆ ಲಾರ್ಜ್ ಫಾರ್ಮ್‌ನಲ್ಲಿ ಉಳಿಯೋದು ವೇಗ ಮತ್ತು ಅಳತೆ ಎರಡೇ. ಅಳತೆಯೂ ಎರಡು ಅಲಗಿನ ಕತ್ತಿ. ಮೀಡಿಯಂ ಆಗಿದ್ದಾಗ ನಿಮ್ಮ ಸುತ್ತ 8 ಜನ ನಿಲ್ಲಬಹುದು, ಲಾರ್ಜ್ ಆದಾಗ 12. ಗಾಬ್ಲಿನ್ ಗುಂಪಿನ ನಡುವೆ ದೊಡ್ಡವನಾಗಬೇಡಿ.

ಮೂರುಕಾಲಿನಕುರ್ಚಿ
ಡಿಎಂ ಕಡೆಯಿಂದ ಒಂದು ಮನವಿ: 5 ಅಡಿ ಅಗಲದ ಕಾರಿಡಾರ್‌ನಲ್ಲಿ ಲಾರ್ಜ್ ಆಗ್ತೀನಿ ಅನ್ನಬೇಡಿ. ಜಾಗ ಇರಬೇಕು ಅಂತ ನಿಯಮದಲ್ಲೇ ಇದೆ. 10 ಅಡಿಗೆ 10 ಅಡಿ, ನಾಲ್ಕು ಚೌಕ.

ಗದೆಹಿಡಿದವ
ಗ್ರಾಪಲ್ ಮಾತು ಬಂತಲ್ಲ, ಹಿಲ್ ಜೊತೆ ಗ್ರಾಪಲ್ ಸೇರಿಸಿದ್ರೆ? ಬಿದ್ದವನು ಏಳೋಕೆ ಆಗಬಾರದು.

ಲೆಕ್ಕದಪುಸ್ತಕ
ಈಗ ಸರಿಯಾದ ಪ್ರಶ್ನೆ. ಗ್ರಾಪಲ್ ಆದವನ ವೇಗ 0, ಏಳೋಕೆ ಅರ್ಧ ವೇಗ ಬೇಕು, ಇಲ್ಲದ್ದರ ಅರ್ಧ ಎಲ್ಲಿಂದ ತರ್ತಾನೆ? ಬಿದ್ದೇ ಇರ್ತಾನೆ. ಅವನು ಹೊಡೆಯೋದೂ ಡಿಸಡ್ವಾಂಟೇಜ್‌ನಲ್ಲೇ, ಅದು ನಿಮ್ಮ ರೆಕ್‌ಲೆಸ್ ಕೊಟ್ಟ ಅಡ್ವಾಂಟೇಜನ್ನ ರದ್ದು ಮಾಡುತ್ತೆ. ಬಾರ್ಬೇರಿಯನ್‌ಗೆ ಇಷ್ಟು ಒಳ್ಳೆ ಗುರಾಣಿ ಬೇರೆ ಇಲ್ಲ.

ನಾಲ್ಕನೇ ಲೆವೆಲ್‌ನಲ್ಲಿ ಗ್ರಾಪ್ಲರ್ ಫೀಟ್ (ಆರಿಸಿಕೊಳ್ಳೋ ವಿಶೇಷ ಸಾಮರ್ಥ್ಯ) ತಗೊಳ್ಳಿ, ನಿಮ್ಮ 17 ಕೂಡ 18 ಆಗುತ್ತೆ. ಆಮೇಲೆ ಒಂದು ಸರದಿ ಹೀಗೆ: ಗುದ್ದು ತಾಗಿದ್ರೆ ಆ ಒಂದೇ ಗುದ್ದಿಗೆ ಡ್ಯಾಮೇಜೂ ಸೇರುತ್ತೆ, ಗ್ರಾಪಲ್ ಪ್ರಯತ್ನವೂ ಸೇರುತ್ತೆ, ಸರದಿಗೆ ಒಮ್ಮೆ. ಗ್ರಾಪಲ್‌ಗೆ ಸೇವ್ ಇದೆ, ಫೇಲ್ ಆದ್ರೆ ಹಿಲ್ ಹಾಕಿ ನೆಲಕ್ಕೆ. ಪಾಸ್ ಆದ್ರೆ ಹಿಲ್ ಉಳಿಸಿಕೊಳ್ಳಿ. ಐದನೇ ಲೆವೆಲ್ ಬಂದ್ಮೇಲೆ ಎರಡನೇ ಹೊಡೆತ ಆಯುಧದಲ್ಲಿ.

ಕೆಡೋದು ಎಲ್ಲಿ ಅಂದ್ರೆ ಗ್ರೇಟ್‌ಆಕ್ಸ್. ಒಂದು ಕೈ ಶತ್ರುವಿನ ಕುತ್ತಿಗೆ ಮೇಲೆ ಇದ್ರೆ ಎರಡು ಕೈ ಆಯುಧ ಬೀಸೋಕಾಗಲ್ಲ. ಬ್ಯಾಟಲ್‌ಆಕ್ಸ್ ಅಥವಾ ವಾರ್‌ಹ್ಯಾಮರ್ ಇಟ್ಕೊಳ್ಳಿ, ಕೈ ಖಾಲಿ ಇದ್ದಾಗ ಡಿ10, ಹಿಡಿದಾಗ ಡಿ8. ಟ್ಯಾವರ್ನ್ ಬ್ರಾಲರ್ ಫೀಟ್ ಇಲ್ಲದೆ ಗುದ್ದಿನ ಡ್ಯಾಮೇಜ್ 1 ಕೂಡಿಸು ಸ್ಟ್ರೆಂತ್ ಮಾತ್ರ. ಅದು ಬೇಕಂದ್ರೆ ಬ್ಯಾಕ್‌ಗ್ರೌಂಡ್ ಸೇಲರ್ ಮಾಡಬೇಕು, ಆಗ ಫಾರ್ಮರ್‌ನ ಟಫ್ ಫೀಟ್ ಹೋಗುತ್ತೆ, ಸೇಲರ್‌ನಲ್ಲಿ ಕಾನ್‌ಸ್ಟಿಟ್ಯೂಷನ್ ಏರಿಸೋಕೂ ಇಲ್ಲ. ನನ್ನ ಪ್ರಕಾರ ಫಾರ್ಮರ್ ಬಿಡಬೇಡಿ.

ಬಾಣಬತ್ತಳಿಕೆ
ರೇಂಜರ್‌ಗೆ ಮತ್ತೆ ಡಿಸಡ್ವಾಂಟೇಜ್, ಈ ಸಲ ಶಾಶ್ವತವಾಗಿ 😑

ಕತ್ತಲೆಯಲ್ಲಿರೋಗ್
ರೇಂಜರ್ ಬೇರೆಯವರನ್ನ ಹೊಡೀಲಿ, ರಣರಂಗದಲ್ಲಿ ಒಬ್ಬನೇ ಇರ್ತಾನಾ?

ಅಡ್ಡಗೋಡೆ
ರೇಂಜರ್‌ಗೆ ಇಷ್ಟ ಆಗೋ ವಂಶ ಫ್ರಾಸ್ಟ್. ಬೆಂಕಿಗಿಂತ ಸರಾಸರಿ 2 ಕಡಿಮೆ ಡ್ಯಾಮೇಜ್, 5.5ರ ಬದಲು 3.5, ಆದ್ರೆ ಶತ್ರು 10 ಅಡಿ ನಿಧಾನ. ಸ್ಲೋ ಮಾಸ್ಟರಿ ಇರೋ ಜಾವೆಲಿನ್‌ನಲ್ಲಿ ಹೊಡೆದ್ರೆ ಎರಡೂ ಸೇರಿ 20 ಅಡಿ, ಅವೆರಡು ಬೇರೆ ಬೇರೆ ಸಾಮರ್ಥ್ಯ. 30 ಅಡಿ ನಡೆಯೋನು 10 ಅಡಿಗೆ ಬರ್ತಾನೆ. ಹಿಂದಿರೋ ವಿಜರ್ಡ್ ತನಕ ತಲುಪೋ ಮಾತೇ ಇಲ್ಲ.

ಇಪ್ಪತ್ತುಮುಖ
ಫೈರ್ ಬಗ್ಗೆ ಯಾರೂ ಮಾತಾಡ್ತಿಲ್ಲ, ಡಿ10 ಪುಕ್ಕಟೆ ಸ್ವಾಮಿ. ಕ್ರಿಟಿಕಲ್ ಬಿದ್ರೆ 2ಡಿ10.

ಲೆಕ್ಕದಪುಸ್ತಕ
ಈಗಿನ ಲೆವೆಲ್‌ಗೆ ದಿನಕ್ಕೆ ಎರಡು ಸಲ, ಒಟ್ಟು ಸರಾಸರಿ 11. ಹದಿನೇಳನೇ ಲೆವೆಲ್‌ನಲ್ಲೂ 33. ಕೆಟ್ಟದ್ದಲ್ಲ, ಯೋಚನೆಯೇ ಬೇಡದ ಆಯ್ಕೆ. ಆದ್ರೆ ಬೆಂಕಿಗೆ ಜಗ್ಗದ ಶತ್ರುಗಳು ಬಹಳ, ಡೆವಿಲ್‌ಗಳಂತೂ ಇಮ್ಯೂನ್. ಕ್ರಿಟಿಕಲ್ ವಿಚಾರ ವಾದಕ್ಕೆ ಬಿಟ್ಟಿದ್ದು. ಅದು ಅಟ್ಯಾಕ್‌ನ ದಾಳವೋ ಬೇರೆ ಡ್ಯಾಮೇಜೋ ಅಂತ ಎರಡೂ ಥರ ಓದ್ತಾರೆ.

ಹಸ್ತಪ್ರತಿ
ವಿಷಯ ಬಿಟ್ಟು ಒಂದು ಮಾತು. ಕನ್ನಡದಲ್ಲಿ ಆಟ ಆಡಿಸುವಾಗ ಜೈಂಟ್‌ಗೆ "ರಾಕ್ಷಸ" ಅಂತ ಹೇಳಬೇಡಿ. ಮಾನ್‌ಸ್ಟರ್ ಮ್ಯಾನುಯಲ್‌ನಲ್ಲಿ ರಾಕ್ಷಸ ಅಂತಲೇ ಬೇರೆ ಜೀವಿ ಇದೆ, ಹುಲಿ ಮುಖ, ಅಂಗೈ ಹಿಂದುಮುಂದು, ಫೀಂಡ್ ಜಾತಿ. "ನಾನು ರಾಕ್ಷಸರ ವಂಶ" ಅಂತ ಒಬ್ಬರು, "ಮುಂದೆ ರಾಕ್ಷಸ ನಿಂತಿದ್ದಾನೆ" ಅಂತ ಡಿಎಂ, ಆಮೇಲೆ ಅರ್ಧ ಗಂಟೆ ಗೊಂದಲ. ದೈತ್ಯ ಅಂದ್ರೆ ಸಾಕು.

ಮೂರುಕಾಲಿನಕುರ್ಚಿ
ಹೌದು ಹೌದು. ದೈತ್ಯ ಅಂದ್ರೆ ಜೈಂಟ್, ರಾಕ್ಷಸ ಅಂದ್ರೆ ರಾಕ್ಷಸ. ಓಗರ್‌ಗೆ ಏನಂತೀರಿ?

ಹಸ್ತಪ್ರತಿ
ಓಗರ್ ಅಂತೀನಿ 🙂

ಹಳೆದಾಳ
ಹಳಬರಿಗೊಂದು ಎಚ್ಚರಿಕೆ. ಗೋಲಿಯಾತ್ ಬಂದಿದ್ದು 2004ರಲ್ಲಿ, ಮೂರೂವರೆ ಎಡಿಷನ್ ಕಾಲ. ಆಗಿನ ಪವರ್‌ಫುಲ್ ಬಿಲ್ಡ್‌ನಲ್ಲಿ ಲಾರ್ಜ್ ಅಳತೆಯ ಆಯುಧವನ್ನೇ ಹಿಡೀಬಹುದಿತ್ತು, ಗ್ರೇಟ್‌ಆಕ್ಸ್ 1ಡಿ12 ಹೋಗಿ 3ಡಿ6. ಅದಕ್ಕೆ ಒಂದು ಲೆವೆಲ್ ಹಿಂದೆ ಉಳಿಯೋ ದಂಡವೂ ಇತ್ತು. ಈಗ ಹೆಸರು ಮಾತ್ರ ಅದೇ. 2014ರ ಸಾಲಿನಲ್ಲಿ ಬಂದ ಗೋಲಿಯಾತ್‌ಗೆ ಅಥ್ಲೆಟಿಕ್ಸ್ ಪುಕ್ಕಟೆ, ಆಮೇಲೆ ಚಳಿಗೆ ರೆಸಿಸ್ಟೆನ್ಸ್ ಕೂಡ ಬಂತು. 2024ರಲ್ಲಿ ಎರಡೂ ಇಲ್ಲ. ಹಳೇ ಶೀಟ್ ನಕಲು ಮಾಡೋರು ಇವೆರಡನ್ನೂ ಹಾಗೇ ಬಿಟ್ಟಿರ್ತಾರೆ, ಅಳಿಸಿ. ಅಥ್ಲೆಟಿಕ್ಸ್ ಬೇಕಂದ್ರೆ ಬಾರ್ಬೇರಿಯನ್ ಕ್ಲಾಸ್‌ನ ಸ್ಕಿಲ್ ಪಟ್ಟಿಯಿಂದ ಆರಿಸಿ.

ಇನ್ನೊಂದು, ಡಾರ್ಕ್‌ವಿಷನ್ ಇಲ್ಲ. ಯಾವ ಆವೃತ್ತಿಯಲ್ಲೂ ಇರಲಿಲ್ಲ. ಪಂಜು ಯಾರ ಕೈಲಿ ಅಂತ ಮೊದಲೇ ಮಾತಾಡ್ಕೊಳ್ಳಿ, ಗ್ರಾಪಲ್ ಮಾಡೋನ ಕೈಲಂತೂ ಬೇಡ.

ದೀಪಧಾರಿ
ನಾನು ಪ್ಯಾಲಡಿನ್ ಗೋಲಿಯಾತ್ ಯೋಚಿಸ್ತಿದ್ದೆ, ಕ್ಲೌಡ್ ಜೊತೆ. ಟೆಲಿಪೋರ್ಟ್ ಆಗಿ ಸ್ಮೈಟ್ ಹೊಡೆಯೋದು. ಸರಿ ಹೋಗುತ್ತಾ?

ನಕ್ಷೆಗಾರ
2024ರಲ್ಲಿ ಆಗಲ್ಲ. ಡಿವೈನ್ ಸ್ಮೈಟ್ ಈಗ ಬೋನಸ್ ಆಕ್ಷನ್ ಸ್ಪೆಲ್. ಕ್ಲೌಡೂ ಬೋನಸ್ ಆಕ್ಷನ್. ಒಂದೇ ಸರದಿಯಲ್ಲಿ ಎರಡರಲ್ಲಿ ಒಂದು. ಪ್ಯಾಲಡಿನ್‌ಗೇ ಸ್ಟೋನ್ ಕೊಡಿ: ರೆಸಿಸ್ಟೆನ್ಸ್ ಇಲ್ಲ, ಪೂರ್ತಿ ಕಳೆಯುತ್ತೆ, ಜೊತೆಗೆ ಬ್ಲೆಸ್ ಸ್ಪೆಲ್‌ನ ಕಾನ್ಸಂಟ್ರೇಷನ್ (ಸ್ಪೆಲ್ ಹಿಡಿದಿಡೋ ಏಕಾಗ್ರತೆ) ಉಳಿಯುತ್ತೆ. ಡ್ಯಾಮೇಜ್ 0ಗೆ ಇಳಿದ್ರೆ ಕಾನ್ಸಂಟ್ರೇಷನ್ ಸೇವೇ ಬೇಡ. ಇಲ್ಲಾಂದ್ರೆ ಡಿಸಿ ಹೇಗೂ 10ಕ್ಕಿಂತ ಕೆಳಗೆ ಹೋಗಲ್ಲ, ಹಾಗಾಗಿ ಸಣ್ಣ ಏಟನ್ನ ಪೂರ್ತಿ ಅಳಿಸೋಕೆ ಬಳಸಿ, 15ರ ಏಟನ್ನ 8 ಮಾಡೋಕಲ್ಲ.

ಲಾರ್ಜ್ ಫಾರ್ಮ್ ಬಾರ್ಬೇರಿಯನ್‌ಗಿಂತ ಪ್ಯಾಲಡಿನ್‌ಗೆ ಚೆನ್ನ. ಆರನೇ ಲೆವೆಲ್‌ನ ಆರಾ (ಸುತ್ತಲಿನ ಸಂಗಡಿಗರನ್ನ ಕಾಯೋ ವಲಯ) ನಿಮ್ಮ ಜಾಗದ ಅಂಚಿನಿಂದ 10 ಅಡಿ. ಮೀಡಿಯಂ ಆಗಿದ್ರೆ ನಿಮ್ಮದು ಬಿಟ್ಟು 24 ಚೌಕ, ಲಾರ್ಜ್ ಆದ್ರೆ 32. ಕ್ಲೆರಿಕ್ ಆದ್ರೆ ಇನ್ನೂ ಮಜಾ, ಸ್ಪಿರಿಟ್ ಗಾರ್ಡಿಯನ್ಸ್ 15 ಅಡಿ, 48 ಚೌಕ ಇದ್ದದ್ದು 60. ಸ್ಪಿರಿಟ್ ಗಾರ್ಡಿಯನ್ಸ್, ಲಾರ್ಜ್ ಫಾರ್ಮ್ ಎರಡೂ ಬರೋದು ಐದನೇ ಲೆವೆಲ್‌ಗೇ.

ಚೀಲದಲ್ಲಿಹತ್ತುದಾಳ
ಕ್ಲೌಡ್ ವಿಜರ್ಡ್‌ಗೆ ಕೊಡಿ. ಅದು ಸ್ಪೆಲ್ ಅಲ್ಲ, ಸ್ಲಾಟ್ (ಸ್ಪೆಲ್ ಹಾಕೋಕೆ ಇರೋ ಲೆಕ್ಕದ ಶಕ್ತಿ) ಖರ್ಚಿಲ್ಲ, ಬಾಯಿ ಕಟ್ಟಿದ್ರೂ ಸೈಲೆನ್ಸ್ ಒಳಗಿದ್ರೂ ನಡೆಯುತ್ತೆ. ಸರದಿಗೆ ಒಂದೇ ಸ್ಲಾಟ್ ಅನ್ನೋ ನಿಯಮಕ್ಕೂ ಸಿಗಲ್ಲ, ಅಂದ್ರೆ ಜಿಗಿದು ಫೈರ್‌ಬಾಲ್. ಮಿಸ್ಟಿ ಸ್ಟೆಪ್ ಅನ್ನೋ ಟೆಲಿಪೋರ್ಟ್ ಸ್ಪೆಲ್‌ಗೆ ಆ ಭಾಗ್ಯ ಇಲ್ಲ. ಏಳೂವರೆ ಅಡಿಯ ವಿಜರ್ಡ್ ನೋಡೋಕೂ ಚೆಂದ.

ಹಳೆದಾಳ
ವಂಶ ಆರಿಸುವಾಗ ಸಬ್‌ಕ್ಲಾಸ್ ಕೂಡ ನೋಡಿ. ದೈತ್ಯ ಅಂದ ಕೂಡಲೇ ಎಲ್ಲರೂ ಪಾತ್ ಆಫ್ ದ ಜೈಂಟ್ ಬಾರ್ಬೇರಿಯನ್ ಅಥವಾ ರೂನ್ ನೈಟ್ ಫೈಟರ್ ಕಡೆ ಓಡ್ತಾರೆ. ಎರಡಕ್ಕೂ ಮೂರನೇ ಲೆವೆಲ್‌ನಲ್ಲೇ ಲಾರ್ಜ್ ಆಗೋ ಸಾಮರ್ಥ್ಯ ಇದೆ, ಎರಡರಲ್ಲೂ ಬರೆದಿರೋದು "ಲಾರ್ಜ್‌ಗಿಂತ ಸಣ್ಣದಾಗಿದ್ರೆ ಲಾರ್ಜ್ ಆಗ್ತೀರಿ". ಗೋಲಿಯಾತ್‌ನ ಲಾರ್ಜ್ ಫಾರ್ಮ್ ಮೇಲೆ ಹಾಕಿದ್ರೆ ಹ್ಯೂಜ್ ಆಗಲ್ಲ, ಐದನೇ ಲೆವೆಲ್‌ನ ಉಡುಗೊರೆ ಬಹುಪಾಲು ಕಸದ ಬುಟ್ಟಿಗೆ. ಕಥೆಗೆ ಒಪ್ಪುತ್ತೆ, ಲೆಕ್ಕಕ್ಕೆ ಒಪ್ಪಲ್ಲ. ಪಾತ್ ಆಫ್ ದ ಜೈಂಟ್ ಬೇಕಾದ್ರೆ ಜನಾಂಗ ಬೇರೆ ಇರಲಿ.

ಹಸ್ತಪ್ರತಿ
ದೈತ್ಯರ ನೆಂಟರು ಬೇಕು, ಗೋಲಿಯಾತ್ ಬೇಡ ಅನ್ನೋರಿಗೆ ಫರ್ಬೋಲ್ಗ್ ಇದೆ. ಕಾಡಿನವರು, 2022ರ ಆವೃತ್ತಿಯಲ್ಲಿ ಬೋನಸ್ ಆಕ್ಷನ್‌ನಲ್ಲಿ ಮುಂದಿನ ಸರದಿ ತನಕ ಮಾಯ, ಅದೂ ಪ್ರೊಫಿಶಿಯೆನ್ಸಿ ಬೋನಸ್‌ನಷ್ಟು ಸಲ. ಹೊಡೆದ್ರೆ ಕಾಣಿಸ್ಕೊಳ್ತೀರಿ. ಡಿಟೆಕ್ಟ್ ಮ್ಯಾಜಿಕ್, ಡಿಸ್‌ಗೈಸ್ ಸೆಲ್ಫ್ ಕೂಡ ಬರುತ್ತೆ. ಡ್ರೂಯಿಡ್‌ಗೆ ಹೇಳಿ ಮಾಡಿಸಿದ್ದು. ಬಾರ್ಬೇರಿಯನ್‌ಗೆ ಬೇಡ, ರೇಜ್‌ನಲ್ಲಿ ಸ್ಪೆಲ್ ಹಾಕೋಕೇ ಆಗಲ್ಲ.

ದೀಪಧಾರಿ
ಕುದುರೆ ಮೇಲೆ ಕೂರಬಹುದಾ ಗೋಲಿಯಾತ್?

ಮೂರುಕಾಲಿನಕುರ್ಚಿ
ಕೂರಬಹುದು. ಗೋಲಿಯಾತ್ ಮೀಡಿಯಂ, ವಾರ್‌ಹಾರ್ಸ್ ಲಾರ್ಜ್. ಅದರ ಸ್ಟ್ರೆಂತ್ 18, ಹೊರೋದು 540 ಪೌಂಡ್. ನೀವು ಹಳೇ ಪುಸ್ತಕದ ಮೇಲ್ಮಿತಿ 340 ಪೌಂಡ್ ತೂಗಿ 65 ಪೌಂಡಿನ ಪ್ಲೇಟ್ ಹಾಕಿದ್ರೂ 405. ಕುದುರೆ ಮೇಲೆ ಇದ್ದಾಗ ಲಾರ್ಜ್ ಫಾರ್ಮ್ ಮಾತ್ರ ಬೇಡ, ಸವಾರನಿಗಿಂತ ವಾಹನ ಒಂದು ಅಳತೆ ದೊಡ್ಡದಿರಬೇಕು.

ಗದೆಹಿಡಿದವ
ಸರಿ, ನಿರ್ಧಾರ ಆಯ್ತು. ಹಿಲ್. ಗ್ರೇಟ್‌ಆಕ್ಸ್ ಬಿಟ್ಟು ವಾರ್‌ಹ್ಯಾಮರ್, ಬೆನ್ನಿಗೆ ಐದಾರು ಜಾವೆಲಿನ್, ನಾಲ್ಕರಲ್ಲಿ ಗ್ರಾಪ್ಲರ್. ಬ್ಯಾಟಲ್‌ಆಕ್ಸ್ ಬೇಡ ಅಂದಿದ್ದು ಅದರಲ್ಲಿ ಟಾಪಲ್ ಇದೆ ಅಂತ, ಒಂದೇ ಕೆಲಸಕ್ಕೆ ಎರಡು ಆಳು. ರೇಂಜರ್‌ಗೆ ಹೇಳಿ ಸರದಿ ನೋಡ್ಕೊಂಡು ಬೀಳಿಸ್ತೀನಿ.

ಲೆಕ್ಕದಪುಸ್ತಕ
ವಾರ್‌ಹ್ಯಾಮರ್‌ನಲ್ಲಿ ಪುಶ್ ಮಾಸ್ಟರಿ ಇದೆ, ತಾಗಿದವನನ್ನ 10 ಅಡಿ ತಳ್ಳಬಹುದು. ಗ್ರಾಪಲ್ ಮಾಡಿದವನ ಮೇಲೆ ಅದನ್ನ ಬಳಸಬೇಡಿ, ಕೈಯಿಂದ ಜಾರಿ ಹೋಗ್ತಾನೆ, ಗ್ರಾಪಲ್ ಅಲ್ಲಿಗೇ ಮುಗೀತು. ಮಾಸ್ಟರಿ ಬಳಸೋದು ನಿಮ್ಮಿಷ್ಟ, ಕಡ್ಡಾಯ ಅಲ್ಲ.

ಬಾಣಬತ್ತಳಿಕೆ
ಅಥವಾ ಬೇಕಂತಲೇ ಬಳಸಿ. ಬಂಡೆ ಅಂಚಿನಲ್ಲಿ.

ಮೂರುಕಾಲಿನಕುರ್ಚಿ
ಐದನೇ ಲೆವೆಲ್ ಬರೋ ಮೊದಲೇ ಎರಡು ಇಂಚಿನ ಚೌಕದ ರಟ್ಟು ಕತ್ತರಿಸಿಟ್ಕೊಳ್ಳಿ, ಗೊಂಬೆ ಕೆಳಗೆ ಇಡೋಕೆ. ಒಂದಿಂಚಿನ ಬೇಸ್ ಇಟ್ಕೊಂಡು "ನಾನೀಗ ನಾಲ್ಕು ಚೌಕ" ಅಂದ್ರೆ ಯಾವ ನಾಲ್ಕು ಅಂತ ಪ್ರತಿ ಸರದಿಗೂ ಜಗಳ.